ಲೈನ್‌ಮನ್ ಗುರುವಯ್ಯನ ಡಚ್ ಮೇಷ್ಟ್ರು

ಬಣಕಲ್ ಸುತ್ತಮುತ್ತ ಕರೆಂಟು ಹೋದರೆ ಜನ ಮೊದಲು ಬಯ್ಯುತ್ತಿದ್ದದ್ದು ಗುರುವಯ್ಯನನ್ನು. ಬಂದ ಮೇಲೆ ಮಾತ್ರ ಯಾರೂ ಅವನನ್ನು ನೆನೆಯುತ್ತಿರಲಿಲ್ಲ. ಅದಕ್ಕೆ ಅವನಿಗೆ ಬೇಸರವೇನೂ ಇರಲಿಲ್ಲ. "ಲೈಟು ಬಂದ್ಮೇಲೆ ಅವ್ರವ್ರಿಗೆ ಅವ್ರವ್ರ ಕೆಲ್ಸ ಇರುತ್ತೆ. ನನ್ನ ನೆನೀತಾ ಕೂತ್ಕೊಳ್ಳೋಕೆ ಅವ್ರಿಗೇನು ಗ್ರಾಚಾರನಾ?" ಎಂದು ನಗುತ್ತಿದ್ದ.

ಗುರುವಯ್ಯನ ಅಪ್ಪ ಅಮ್ಮ ಇಬ್ಬರೂ ತೋಟದ ಕೂಲಿಗಳ ಸಾಲುಮನೆಯಲ್ಲೇ, ಅಂದರೆ ಲೈನಿನಲ್ಲೇ, ಬಾಳಿದವರು. ಇವನೊಬ್ಬ ಎಸ್ಸೆಸ್ಸೆಲ್ಸಿವರೆಗೆ ಓದಿ, ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು, ಕೊನೆಗೆ ವಿದ್ಯುತ್ ಇಲಾಖೆ ಸೇರಿದ್ದ. ಆಳು ಕುಳ್ಳಗಿದ್ದರೂ ಕಂಬ ಹತ್ತುವುದರಲ್ಲಿ ಎತ್ತಿದ ಕೈ. ಯಾವ ತಿರುವಿನ ಕಂಬ ಮಳೆಗಾಲದಲ್ಲಿ ವಾಲುತ್ತದೆ, ಯಾರ ತೋಟದ ಸಿಲ್ವರ್ ಮರ ತಂತಿಗೆ ಒರಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅದೇ ತಲೆಯಲ್ಲಿ ಇನ್ನೊಂದು ಸಂಗತಿಯೂ ತುಂಬಿಕೊಂಡಿದೆ ಎಂಬುದು ಊರಿನಲ್ಲಿ ಬೆರಳೆಣಿಕೆಯ ಜನಕ್ಕಷ್ಟೇ ಗೊತ್ತಿತ್ತು. ಗುರುವಯ್ಯನಿಗೆ ಚೆಸ್ಸಿನ ಹುಚ್ಚು.

ಅದು ಹತ್ತಿದ್ದು ಮೂಡಿಗೆರೆಯ ಸಬ್‌ಸ್ಟೇಷನ್ನಿನಲ್ಲಿ. ಎಂಬತ್ತನಾಲ್ಕರ ಮಳೆಗಾಲದಲ್ಲಿ ಅವನನ್ನು ಅಲ್ಲಿಗೆ ಹಾಕಿದ್ದರು. ಅಲ್ಲಿದ್ದ ಎಂಜಿನಿಯರು ಧಾರವಾಡದ ಕಡೆಯವರು. ಬಿಟ್ಟೂಬಿಡದೆ ಹುಯ್ಯುವ ಮಳೆಗೆ ಬೇಜಾರಾಗಿ, ಜೊತೆಗೆ ಆಡಲು ಯಾರೂ ಇಲ್ಲದೆ, ಗುರುವಯ್ಯನನ್ನೇ ಎದುರು ಕೂರಿಸಿಕೊಂಡು ಆನೆ, ಕುದುರೆ, ಒಂಟೆ ನಡೆಸುವುದನ್ನು ಕಲಿಸಿದರು. ಮೊದಲ ತಿಂಗಳು ಅವನು ಸೋತದ್ದಕ್ಕೆ ಲೆಕ್ಕವಿಲ್ಲ. ಶ್ರಾವಣ ಕಳೆಯುವ ಹೊತ್ತಿಗೆ ಎಂಜಿನಿಯರು ಒಂದೊಂದು ನಡೆಗೂ ಗಲ್ಲ ಕೆರೆದುಕೊಳ್ಳತೊಡಗಿದ್ದರು. ವರ್ಗವಾಗಿ ಹೊರಡುವ ದಿನ ಬೋರ್ಡನ್ನೂ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕವನ್ನೂ ಅವನ ಕೈಗಿಟ್ಟು, "ಇಟ್ಕೋಳೋ ತಮ್ಮಾ, ನನಗಿಂತ ನಿನಗ ಉಪಯೋಗ ಆಗ್ತೈತಿ" ಎಂದು ಬೆನ್ನು ತಟ್ಟಿ ಬಸ್ಸು ಹತ್ತಿದರು.

ಪುಸ್ತಕದ ತುಂಬ ವಿಶ್ವ ಚಾಂಪಿಯನ್ನರ ಆಟಗಳು. ನಡೆಗಳನ್ನು ಓದುವುದು ಗುರುವಯ್ಯನಿಗೆ ಬರುತ್ತಿತ್ತು, ನಡುನಡುವಿನ ಮಾತುಗಳು ಮಾತ್ರ ತಲೆಗೆ ಹೋಗುತ್ತಿರಲಿಲ್ಲ. ಮಗಳು ಭವ್ಯಾ ಹೈಸ್ಕೂಲಿಗೆ ಬಂದ ಮೇಲೆ ಆ ಕಷ್ಟವೂ ತೀರಿತು. ಭಾನುವಾರ ಬೆಳಿಗ್ಗೆ ಅಮ್ಮ ಕಲ್ಲಮ್ಮ ತಲೆಗೆ ಎಣ್ಣೆ ಹಚ್ಚುತ್ತಿರುವಾಗ ಭವ್ಯಾ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲು ಓದಿ ಅರ್ಥ ಹೇಳುತ್ತಿದ್ದಳು.

ಒಂದು ದಿನ ಅವಳು ಸೂಟು ತೊಟ್ಟ ಎತ್ತರದ ಮನುಷ್ಯನೊಬ್ಬನ ಚಿತ್ರದ ಹತ್ತಿರ ನಿಂತಳು. "ಅಪ್ಪಾ, ಇಲ್ನೋಡಿ. ಇವ್ರು ಹಾಲೆಂಡಿನವ್ರಂತೆ, ಮ್ಯಾಕ್ಸ್ ಯೂವೆ ಅಂತ. ಹುಡುಗೀರ ಸ್ಕೂಲಲ್ಲಿ ಲೆಕ್ಕದ ಮೇಷ್ಟ್ರಾಗಿದ್ರಂತೆ!"

"ಚಾಂಪಿಯನ್ ಆಗೋಕೆ ಮುಂಚೇನಾ?"

"ಮುಂಚೇನೂ ಹೌದು, ಆಮೇಲೂ ಹೌದು."

ಗುರುವಯ್ಯ ಆ ಸಾಲನ್ನು ಇನ್ನೊಮ್ಮೆ ಓದಿಸಿದ. ಆ ಪುಸ್ತಕದಲ್ಲಿದ್ದ ಮಿಕ್ಕ ಚಾಂಪಿಯನ್ನರೆಲ್ಲ ಅವನ ಕಣ್ಣಿಗೆ ದೇವಸ್ಥಾನದ ಮೂರ್ತಿಗಳಂತೆ, ಕೈ ಮುಗಿದು ದೂರ ನಿಲ್ಲಬೇಕಾದವರಂತೆ ಕಾಣುತ್ತಿದ್ದರು. ಇವನೊಬ್ಬ ಮಾತ್ರ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವ ಮನುಷ್ಯ. ಮಕ್ಕಳ ಲೆಕ್ಕ ತಿದ್ದಿ ಮನೆಗೆ ಬಂದು ಬೋರ್ಡಿನ ಮುಂದೆ ಕೂತವನು. ಅಂದಿನಿಂದ ಗುರುವಯ್ಯನ ಬಾಯಲ್ಲಿ ಅವನು 'ನಮ್ಮ ಮೇಷ್ಟ್ರು' ಆಗಿಬಿಟ್ಟ.

ಈ ಮೇಷ್ಟ್ರಿಗಾಗಿ ಅವನು ಜಗಳ ಕಾಯುತ್ತಿದ್ದ ಜಾಗ ಗಂಗಾಧರಪ್ಪನವರ ಗೊಬ್ಬರದ ಅಂಗಡಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಷಟರ್ ಅರ್ಧ ಎಳೆದು, ಯೂರಿಯಾ ಚೀಲಗಳ ಮೇಲೆ ಹಲಗೆ ಹಾಕಿ ನಾಲ್ಕೈದು ಜನ ಆಡಲು ಕೂರುತ್ತಿದ್ದರು. ಗಂಗಾಧರಪ್ಪ ಆಟದಲ್ಲಿ ಅಷ್ಟಕ್ಕಷ್ಟೆ, ಮಾತಿನಲ್ಲಿ ಮಾತ್ರ ಗಟ್ಟಿಗರು. ಅಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದವರು ಮಲ್ಲಿಕಾರ್ಜುನ. ಎಂಬತ್ತು ಎಕರೆ ಕಾಫಿ ತೋಟದ ಮಾಲೀಕರು, ಮಾತು ಮೆದು. ಕಾಲೇಜಿನಲ್ಲಿದ್ದಾಗ ಮೈಸೂರಿನ ಪಂದ್ಯಗಳಲ್ಲಿ ಹೆಸರು ಮಾಡಿದ್ದರಂತೆ. ಅಪ್ಪ ಹಾಸಿಗೆ ಹಿಡಿದ ಮೇಲೆ ತೋಟಕ್ಕೆ ಬಂದವರು ಮತ್ತೆ ಯಾವ ಪಂದ್ಯಕ್ಕೂ ಹೋಗಿರಲಿಲ್ಲ. ಹತ್ತು ಆಟ ಆಡಿದರೆ ಗುರುವಯ್ಯ ಅವರ ಮೇಲೆ ಒಂದು ಗೆಲ್ಲುತ್ತಿದ್ದ. ಆ ಒಂದರ ಖುಷಿ ಅವನಿಗೆ ಮುಂದಿನ ಭಾನುವಾರದವರೆಗೂ ಸಾಕಾಗುತ್ತಿತ್ತು.

ಬೇರೆ ಎಲ್ಲದರಲ್ಲೂ ಸಮಾಧಾನಿಯಾಗಿದ್ದ ಮಲ್ಲಿಕಾರ್ಜುನರು ಯೂವೆಯ ಹೆಸರೆತ್ತಿದರೆ ಮಾತ್ರ ಬಿಸಿಯಾಗುತ್ತಿದ್ದರು.

"ನಿಮ್ಮ ಮೇಷ್ಟ್ರು ಚಾಂಪಿಯನ್ನೇ ಅಲ್ಲ ಗುರುವಯ್ಯ. ಆಗಿನ ಚಾಂಪಿಯನ್ ಅಲೆಖಿನ್ ಎದುರಿಗೆ ಕುಡ್ಕೊಂಡು ಕೂತ್ರೆ ಯಾರು ಬೇಕಾದ್ರೂ ಗೆಲ್ತಾರೆ."

"ಮೂವತ್ತು ಆಟ ಆಡಿದಾರೆ ಸಾರ್. ಮೂವತ್ತೂ ದಿನ ಕುಡ್ದಿದ್ರಾ?"

"ಎರಡೇ ವರ್ಷಕ್ಕೆ ವಾಪಸ್ ಸೋತ್ರಲ್ಲ, ಅದಕ್ಕೇನಂತೀರಿ?"

"ವಾಪಸ್ ಆಡೋಕೆ ಒಪ್ಕೊಂಡ್ರಲ್ಲ, ಅದಕ್ಕೆ ನೀವೇನಂತೀರಿ? ತಪ್ಪಿಸ್ಕೊಳ್ಳೋರಾಗಿದ್ರೆ ನೂರು ನೆಪ ಹೇಳ್ಬಹುದಿತ್ತು."

ಗಂಗಾಧರಪ್ಪ ನಡುವೆ ಬಾಯಿ ಹಾಕುತ್ತಿದ್ದರು. "ಅಲ್ಲ ಮಾರಾಯ್ರೇ, ಆ ಮನುಷ್ಯನ ಹೆಸ್ರನ್ನ ನೀನು ಯೂವೆ ಅಂತೀಯ, ಅವ್ರು ಎವೆ ಅಂತಾರೆ, ಪೇಪರ್‌ನಲ್ಲಿ ಇನ್ನೊಂಥರ ಹಾಕ್ತಾರೆ. ಮೊದ್ಲು ಹೆಸ್ರು ಇತ್ಯರ್ಥ ಮಾಡಿ, ಆಮೇಲೆ ಜಗಳ ಆಡಿ."

ಹೀಗೇ ವರ್ಷಗಳು ಹೋದವು. ಭವ್ಯಾ ಚಿಕ್ಕಮಗಳೂರಿಗೆ ನರ್ಸಿಂಗ್ ಓದಲು ಹೋದಳು. ಎರಡು ಸಾವಿರದ ಡಿಸೆಂಬರಿನಲ್ಲಿ ನಮ್ಮ ದೇಶದವರೇ ವಿಶ್ವ ಚಾಂಪಿಯನ್ ಆದ ಸುದ್ದಿ ಬಂತು. ಅವತ್ತು ಗೊಬ್ಬರದಂಗಡಿಯಲ್ಲಿ ಮೈಸೂರುಪಾಕು ಹಂಚಿದರು. ಆ ಉತ್ಸಾಹದಲ್ಲಿ ಗುರುವಯ್ಯ ಹಳೆಯ ಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವಿಹಾಕುವಾಗ ಒಂದು ತಾರೀಕು ಕಣ್ಣಿಗೆ ಬಿತ್ತು. ಯೂವೆ ಹುಟ್ಟಿದ್ದು ಸಾವಿರದ ಒಂಬೈನೂರ ಒಂದರ ಮೇ ಇಪ್ಪತ್ತು. ಹೊಸ ವರ್ಷದ ಕ್ಯಾಲೆಂಡರಿನ ಹಾಳೆ ಎತ್ತಿ ನೋಡಿದ. ಮೇ ಇಪ್ಪತ್ತು ಭಾನುವಾರವೇ ಬಿದ್ದಿತ್ತು.

"ಸಾರ್, ನಮ್ಮ ಮೇಷ್ಟ್ರಿಗೆ ನೂರು ತುಂಬುತ್ತೆ. ಏನಾದ್ರೂ ಮಾಡ್ಬೇಕಲ್ಲ" ಎಂದ ಮುಂದಿನ ಭಾನುವಾರ.

ಮಲ್ಲಿಕಾರ್ಜುನರು ಸ್ವಲ್ಪ ಯೋಚಿಸಿ ನಕ್ಕರು. "ಆಗ್ಲಿ. ಅವ್ರು ಈ ಆಟಕ್ಕೆ ಏನು ಬಿಟ್ಟುಹೋದ್ರು ಅಂತ ಚರ್ಚೆ ಇಡೋಣ. ನೀವು ಪರ, ನಾನು ವಿರೋಧ. ಗಂಗಾಧರಪ್ಪನೋರು ಜಡ್ಜು."

ಗುರುವಯ್ಯ ಜನ್ಮದಲ್ಲಿ ಸಭೆಯಲ್ಲಿ ಮಾತಾಡಿದವನಲ್ಲ. ಆದರೂ ಒಪ್ಪಿಕೊಂಡ. ಭವ್ಯಾ ರಜೆಗೆ ಬಂದಾಗ ಅವಳ ಎದುರು ಕೂತು ಎರಡು ಹಾಳೆ ತುಂಬ ಬರೆದ. ಕಲ್ಲಮ್ಮನಿಗೆ ಆಟ ಗೊತ್ತಿಲ್ಲದಿದ್ದರೂ ಗಂಡನ ಬಿಳಿ ಅಂಗಿ ತೆಗೆದು ಒಗೆದು ಇಸ್ತ್ರಿ ಮಾಡಿಸಿ ಇಟ್ಟಳು.

ಚರ್ಚೆಯ ಹಿಂದಿನ ದಿನ, ಶನಿವಾರ ಸಂಜೆ ಗುಡುಗು ಮಿಂಚಿನ ಗಾಳಿಮಳೆ ಬಂತು. ಮುಂಗಾರಿಗೆ ಮೊದಲು ಬರುವ ಇಂಥ ಮಳೆ ಅರ್ಧ ಗಂಟೆ ಹೊಡೆದರೂ ನಾಲ್ಕು ದಿನದ ಕೆಲಸ ಬಿಟ್ಟುಹೋಗುತ್ತದೆ. ಭಾನುವಾರ ಬೆಳಕು ಹರಿಯುವ ಮೊದಲೇ ಗುರುವಯ್ಯ ಖಾಕಿ ಅಂಗಿ ತೊಟ್ಟು ಹೊರಟಿದ್ದ. ಬಿಳಿ ಅಂಗಿ ಗೂಟದಲ್ಲೇ ಉಳಿಯಿತು. ಜೊತೆಗಾರ ಗಿಡ್ಡಪ್ಪನೊಂದಿಗೆ ಒಂದರ ಹಿಂದೆ ಒಂದು ಕಡೆ ತಂತಿ ಕಟ್ಟಿ, ಮಧ್ಯಾಹ್ನ ಮೂರರ ಹೊತ್ತಿಗೆ ಕೊಟ್ಟಿಗೆಹಾರದ ರಸ್ತೆಯ ತಿರುವಿಗೆ ಬಂದರೆ, ಹಲಸಿನ ಮರವೊಂದು ದೊಡ್ಡ ಲೈನಿನ ಮೇಲೆಯೇ ಒರಗಿ ಬಿದ್ದಿತ್ತು. ಕೆಳಗಿನ ಹಳ್ಳಿಯ ನೀರಿನ ಪಂಪಿಗೆ ಕರೆಂಟು ಹೋಗುತ್ತಿದ್ದದ್ದು ಆ ಲೈನಿನಿಂದಲೇ. ಗಿಡ್ಡಪ್ಪ ಲೈನ್ ಕ್ಲಿಯರ್ ಅನುಮತಿ ತರಲು ಲೂನಾ ಹತ್ತಿ ಸಬ್‌ಸ್ಟೇಷನ್ನಿಗೆ ಹೋದ. ಅಲ್ಲಿ ಸ್ವಿಚ್ಚು ತೆಗೆದು, ಪುಸ್ತಕದಲ್ಲಿ ಬರೆದು, ನಂಬರು ಕೊಡುವವರೆಗೆ ಗುರುವಯ್ಯ ಕಂಬ ಮುಟ್ಟುವಂತಿರಲಿಲ್ಲ. ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕೂತು, ಎದೆಯ ಜೇಬಿನಲ್ಲಿದ್ದ ಹಾಳೆ ತೆಗೆದು ನೋಡಿದ. ಬೆವರಿಗೆ ಶಾಯಿ ಕದಡಿ ಅರ್ಧ ಅಳಿಸಿಹೋಗಿತ್ತು.

ಅಷ್ಟರಲ್ಲಿ ಮಲ್ಲಿಕಾರ್ಜುನರ ಜೀಪು ಬಂದು ನಿಂತಿತು. ಹಿಂದಿನ ಸೀಟಿನಿಂದ ಗಂಗಾಧರಪ್ಪ ಚಕ್ಕುಲಿಯ ಡಬ್ಬ, ಕಾಫಿಯ ಫ್ಲಾಸ್ಕು ಹಿಡಿದು ಇಳಿದರು.

"ಭಾಷಣಕಾರ ಬರ್ಲಿಲ್ಲ, ಅದಕ್ಕೆ ಸಭೇನೇ ಎತ್ಕೊಂಡು ಬಂದ್ವಿ" ಎಂದರು.

ಗುರುವಯ್ಯನಿಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಆಯಿತು. ಮಲ್ಲಿಕಾರ್ಜುನರು ಮರ ನೋಡಿ ಹೇಳಿದರು: "ಲೈನ್ ಹೆಂಗೂ ಟ್ರಿಪ್ ಆಗಿದೆಯಲ್ಲ. ನಾವೂ ಕೈ ಹಾಕ್ತೀವಿ. ಬೇಗ ಮುಗ್ಸಿ ಹೋಗೋಣ."

"ಇಲ್ಲ ಸಾರ್. ನಂಬರ್ ಬರ್ಲಿ. ಸತ್ತಿದೆ ಅಂದ್ಕೊಂಡು ಮುಟ್ಟಿದೋರು ಎಷ್ಟೋ ಜನ ಹೋದ್ರು."

ಹಾಗಾಗಿ ಕಾಯಬೇಕಾಯಿತು. ಮೂವರೂ ಮೋರಿ ಕಟ್ಟೆಯ ಮೇಲೆ ಸಾಲಾಗಿ ಕೂತರು. ಗಂಗಾಧರಪ್ಪ ಕಾಫಿ ಬಗ್ಗಿಸಿಕೊಟ್ಟು, "ಹೂಂ, ಸುರು ಮಾಡಿ. ಮೊದ್ಲು ವಿರೋಧ ಪಕ್ಷ" ಎಂದರು.

ಮಲ್ಲಿಕಾರ್ಜುನರು ಚೆನ್ನಾಗಿಯೇ ಮಾತಾಡಿದರು. ಯೂವೆ ಗೆದ್ದದ್ದು ಒಂದೇ ಒಂದು ಪಾಯಿಂಟಿನಲ್ಲಿ. ಮರುಪಂದ್ಯದಲ್ಲಿ ಸೋತದ್ದು ಹೀನಾಯವಾಗಿ. ನಲವತ್ತೆಂಟರಲ್ಲಿ ಐವರು ಕೂತು ಕಿರೀಟಕ್ಕೆ ಆಡಿದಾಗ ಬಂದದ್ದು ಕೊನೆಯ ಸ್ಥಾನ. "ಆಟಕ್ಕೆ ಪೂರ್ತಿ ಕೊಟ್ಕೊಂಡೋರಿಗೆ ಮಾತ್ರ ಅದು ಒಲಿಯೋದು. ಅರ್ಧ ದಿನ ಮೇಷ್ಟ್ರು, ಅರ್ಧ ದಿನ ಆಟಗಾರ ಅಂದ್ರೆ ಆಗಲ್ಲ" ಎಂದು ಮುಗಿಸಿದರು.

ಗುರುವಯ್ಯ ಹಾಳೆಯನ್ನು ಮಡಚಿ ಜೇಬಿಗೆ ಹಾಕಿದ.

"ಸಾರ್, ನಂಗೆ ದೊಡ್ಡ ಮಾತು ಬರಲ್ಲ. ಮೊದಲ ಒಂಬತ್ತು ಆಟಕ್ಕೇ ಅವ್ರು ಮೂರು ಪಾಯಿಂಟ್ ಹಿಂದಿದ್ರು. ನಾವಾಗಿದ್ರೆ ಅಲ್ಲೇ ಬಿಟ್ಟುಬಿಡ್ತಿದ್ವಿ. ಅವ್ರು ಕೂತ್ರು. ಹಿಡಿದ್ರು. ಗೆದ್ಮೇಲೆ ತಲೆ ತಿರುಗ್ಲಿಲ್ಲ, ಸೋತ್ಮೇಲೆ ಮೂಲೆ ಸೇರ್ಲಿಲ್ಲ. ಎಷ್ಟೊಂದು ಪುಸ್ತಕ ಬರೆದ್ರು. ವಯಸ್ಸಾದ್ಮೇಲೆ ಇಡೀ ಪ್ರಪಂಚದ ಚೆಸ್ ಸಂಸ್ಥೆಗೆ ಅಧ್ಯಕ್ಷರಾದ್ರು. ಎಪ್ಪತ್ತೆರಡ್ರಲ್ಲಿ ಅಮೆರಿಕದ ಫಿಷರ್ ಹಟ ಹಿಡಿದು ವಿಶ್ವ ಚಾಂಪಿಯನ್ ಪಂದ್ಯಕ್ಕೆ ಬರ್ದೇ ಇದ್ದಾಗ ಗಡುವು ಮುಂದಕ್ಕೆ ಹಾಕಿ ಆ ಪಂದ್ಯ ಉಳಿಸಿದ್ರು ಅಂತ ನೀವೇ ಹೇಳಿದ್ರಿ. ಹಂಗೆ ನಿಯಮ ಸಡಿಲ ಮಾಡಿದ್ದು ತಪ್ಪು ಅಂತ ಬೈದೋರೂ ಇದ್ರಂತೆ. ಇರ್ಲಿ. ಆ ಪಂದ್ಯ ನಡೀದೇ ಇದ್ದಿದ್ರೆ ನನ್ನಂಥ ಲೈನ್‌ಮನ್ ತನಕ ಈ ಆಟ ಬರ್ತಿತ್ತೋ ಇಲ್ವೋ." ಕಾಫಿ ಲೋಟ ಕೆಳಗಿಟ್ಟು ಸೇರಿಸಿದ: "ಕೆಲ್ಸ ಮಾಡ್ಕೊಂಡೂ ಒಬ್ಬ ಮನುಷ್ಯ ಒಂದು ವಿದ್ಯೇಲಿ ಅಷ್ಟು ಎತ್ತರಕ್ಕೆ ಹೋಗ್ಬಹುದು ಅಂತ ತೋರ್ಸಿದ್ದು ಅವ್ರೇ. ನಂಗೆ ಅಷ್ಟು ಸಾಕು."

ಗಂಗಾಧರಪ್ಪ ಚಕ್ಕುಲಿ ಮುರಿಯುವುದನ್ನು ನಿಲ್ಲಿಸಿದ್ದರು. ಮಲ್ಲಿಕಾರ್ಜುನರು ಕಾಫಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಮೆಲ್ಲಗೆ ಮಾತಾಡಿದರು.

"ಗುರುವಯ್ಯ, ಒಂದು ನಿಜ ಹೇಳ್ತೀನಿ. ತೋಟ ನೋಡ್ಕೋಬೇಕಾಯ್ತು, ಅದಕ್ಕೇ ಆಟ ಬಿಟ್ಟೆ ಅಂತ ಇಪ್ಪತ್ತೆರಡು ವರ್ಷದಿಂದ ಎಲ್ರಿಗೂ ಹೇಳ್ಕೊಂಡು ಬಂದಿದೀನಿ. ಮನೇಲೂ ಅದೇ, ನನ್ನೊಳಗೂ ಅದೇ. ನಿಮ್ಮ ಮೇಷ್ಟ್ರು ನಿಜವಾದ ಚಾಂಪಿಯನ್ ಅಂತ ಒಪ್ಕೊಂಡ್ರೆ ನನ್ನ ಮಾತು ಸುಳ್ಳಾಗುತ್ತೆ. ನಾನು ಬಿಟ್ಟಿದ್ದು ತೋಟದಿಂದ ಅಲ್ಲ. ಕೊನೇ ಪಂದ್ಯದಲ್ಲಿ ಕೆಟ್ಟದಾಗಿ ಸೋತಿದ್ದೆ. ಮತ್ತೆ ಸೋಲೋಕೆ ಭಯ ಆಯ್ತು."

ಗುರುವಯ್ಯನಿಗೆ ವಾದ ಗೆದ್ದ ಖುಷಿ ಬರಬೇಕಿತ್ತು, ಬರಲಿಲ್ಲ. ಪಕ್ಕದಲ್ಲಿದ್ದ ಮನುಷ್ಯ ಇದ್ದಕ್ಕಿದ್ದಂತೆ ಹತ್ತಿರದವನಾದ ಹಾಗನಿಸಿತು.

"ಆ ಭಯ ಎಲ್ರಿಗೂ ಇರುತ್ತೆ ಸಾರ್" ಎಂದ. "ನಂಗೆ ಈಗ್ಲೂ ಪ್ರತಿ ಸಲ ಕಂಬ ಹತ್ತುವಾಗ ಮೊದಲ ನಾಕು ಹೆಜ್ಜೆ ಭಯ ಆಗುತ್ತೆ. ಐದನೇ ಹೆಜ್ಜೆಗೆ ಮರೆತೋಗುತ್ತೆ."

ಅಷ್ಟರಲ್ಲಿ ಲೂನಾ ಸದ್ದು ಕೇಳಿತು. ಗಿಡ್ಡಪ್ಪ ನಂಬರು ತಂದಿದ್ದ. ಗುರುವಯ್ಯ ಸಲಾಕಿ ಹಾಕಿ ಲೈನಿಗೆ ಅರ್ತ್ ಕೊಟ್ಟು, ಸೊಂಟಕ್ಕೆ ಹಗ್ಗ ಬಿಗಿದು ಕಂಬ ಹತ್ತಿದ. ಮಲ್ಲಿಕಾರ್ಜುನರು ಪಂಚೆ ಎತ್ತಿ ಕಟ್ಟಿ ಗಿಡ್ಡಪ್ಪನ ಜೊತೆ ಕೊಂಬೆ ಎಳೆದರು. ಐದೂವರೆಗೆ ಕೆಳಗಿನ ಹಳ್ಳಿಯ ಪಂಪು ಗುರ್ರೆಂದಿತು. ತೀರ್ಪು ಏನು ಎಂದು ಗಿಡ್ಡಪ್ಪ ಕೇಳಿದ್ದಕ್ಕೆ ಜಡ್ಜ್ ಸಾಹೇಬರು, "ತೀರ್ಪು ಎಂಥದು ಮಾರಾಯ, ಚಕ್ಕುಲಿ ಉಳಿದಿದೆ, ತಿನ್ನು" ಎಂದರು.

ಆ ವರ್ಷದ ದಸರಾ ರಜೆಯಲ್ಲಿ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಮಟ್ಟದ ಪಂದ್ಯ ನಡೆಯಿತು. ಮಲ್ಲಿಕಾರ್ಜುನರು ಯಾರಿಗೂ ಹೇಳದೆ ಹೆಸರು ಕೊಟ್ಟು ಬಂದಿದ್ದರು. ಆರನೆಯ ಸ್ಥಾನ ಬಂತು. ಹದಿಮೂರು ವರ್ಷದ ದಿವ್ಯಾ ಎಂಬ ಹುಡುಗಿ ಇಪ್ಪತ್ತೊಂದೇ ನಡೆಯಲ್ಲಿ ಅವರನ್ನು ಸೋಲಿಸಿದ್ದಳು. ಗೊಬ್ಬರದಂಗಡಿಯಲ್ಲಿ ಅದೇ ಆಟವನ್ನು ಮತ್ತೆ ಇಟ್ಟು ತೋರಿಸುತ್ತ, "ನೋಡಿ, ಇಲ್ಲಿ ಕುದುರೆ ಬಿಟ್ಕೊಟ್ಳು, ನಾನು ಪೆದ್ದನ ಥರ ತಿಂದೆ" ಎಂದು ನಕ್ಕಿದ್ದೇ ನಕ್ಕಿದ್ದು. ಅವರು ಹಾಗೆ ಬಾಯಿತುಂಬ ನಗುವುದನ್ನು ಗುರುವಯ್ಯ ಕಂಡದ್ದು ಅದೇ ಮೊದಲು.

ಜನವರಿಯಲ್ಲಿ ಕೊಯ್ಲು ಜೋರಾಗಿದ್ದಾಗ ಒಂದು ಬೆಳಿಗ್ಗೆ ಮಲ್ಲಿಕಾರ್ಜುನರ ತೋಟದಲ್ಲಿ ಲೆಕ್ಕ ಬರೆಯುವ ರೈಟರು ಗುರುವಯ್ಯನ ಮನೆಗೆ ಬಂದರು. "ನಮ್ಮ ಸಾಹುಕಾರ್ರು ಈಗ್ಲೇ ಬರ್ಬೇಕಂತೆ."

ಮೋಟರು ಸುಟ್ಟಿರಬೇಕೆಂದು ಗುರುವಯ್ಯ ಕಟಿಂಗ್ ಪ್ಲೇಯರ್ ಹಿಡಿದೇ ಓಡಿದ. ಅಲ್ಲಿ ನೋಡಿದರೆ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಬಿಳಿಯ ಮನುಷ್ಯನೊಬ್ಬ ನಿಂತು ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜಗಳನ್ನು ಅಂಗೈಯಲ್ಲಿ ಹಾಕಿಕೊಂಡು ಮೂಸುತ್ತಿದ್ದ. ರಫ್ತುದಾರರ ಜೊತೆ ತೋಟ ನೋಡಲು ಬಂದವನು.

"ಗುರುವಯ್ಯ, ಇವ್ರು ಹಾಲೆಂಡಿನವ್ರು" ಎಂದರು ಮಲ್ಲಿಕಾರ್ಜುನ, ಕಣ್ಣಲ್ಲಿ ತುಂಟತನ. "ಕೇಳಿ, ಏನು ಕೇಳ್ಬೇಕೋ ಕೇಳಿ."

ಗುರುವಯ್ಯನಿಗೆ ಇದ್ದಬದ್ದ ಇಂಗ್ಲಿಷೆಲ್ಲ ಮರೆತುಹೋಯಿತು. "ಸರ್... ಮ್ಯಾಕ್ಸ್... ಯೂವೆ?" ಎಂದಷ್ಟೇ ಕೇಳಿದ.

ಬಂದವನಿಗೆ ಅರ್ಥವಾಗಲಿಲ್ಲ. ಮಲ್ಲಿಕಾರ್ಜುನರು ಚೀಟಿಯ ಮೇಲೆ ಬರೆದು ತೋರಿಸಿದರು. ಅವನ ಮುಖ ಅರಳಿತು. ತುಟಿ ಮುಂದೆ ಮಾಡಿ ಆ ಹೆಸರನ್ನು ಹೇಳಿದ. ಏ ಎನ್ನಲು ಹೊರಟು, ತುಟಿಯನ್ನು ಮಾತ್ರ ಓ ಎನ್ನುವಂತೆ ಗುಂಡಗೆ ಮಾಡಿ, ಕೊನೆಯಲ್ಲಿ ಒಂದು ಸಣ್ಣ 'ವ' ಸೇರಿಸಿದರೆ ಹೇಗೋ ಹಾಗೆ. ಗುರುವಯ್ಯ ಹೇಳಿನೋಡಿದ, ಬರಲಿಲ್ಲ. ಮಲ್ಲಿಕಾರ್ಜುನರಿಗೂ ಬರಲಿಲ್ಲ. ಕಣದಲ್ಲಿ ಕಾಫಿ ಹರವುತ್ತಿದ್ದ ಹುಚ್ಚಮ್ಮ ಕಿವಿಗೊಟ್ಟು ಕೇಳಿ ತಟ್ಟನೆ ಹೇಳಿಬಿಟ್ಟಳು. ಬಿಳಿಯ ಮನುಷ್ಯ ಚಪ್ಪಾಳೆ ತಟ್ಟಿದ.

ಅವನಿಗೆ ಚೆಸ್ ಬರುತ್ತಿರಲಿಲ್ಲ. ಆದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಆ ಹೆಸರಿನದೇ ಒಂದು ಚೌಕವಿದೆ ಎಂದ. ಅಲ್ಲಿ ನೆಲದ ಮೇಲೆಯೇ ದೊಡ್ಡ ಬೋರ್ಡು ಇದೆ, ಬೇಕಾದವರು ಬಂದು ದೊಡ್ಡ ದೊಡ್ಡ ಕಾಯಿಗಳನ್ನು ಎರಡು ಕೈಯಲ್ಲಿ ಎತ್ತಿಟ್ಟು ಆಡುತ್ತಾರೆ, ಹೋಗುವವರು ಬರುವವರು ನಿಂತು ಬುದ್ಧಿ ಹೇಳುತ್ತಾರೆ. ಮಲ್ಲಿಕಾರ್ಜುನರು ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದರು. ಗುರುವಯ್ಯ ಕಟಿಂಗ್ ಪ್ಲೇಯರನ್ನು ಎದೆಗೊತ್ತಿಕೊಂಡು ಕೇಳುತ್ತ ನಿಂತಿದ್ದ.

"ಯಾರು ಬೇಕಾದ್ರೂ ಆಡ್ಬಹುದಂತಾ ಸಾರ್?"

"ಯಾರು ಬೇಕಾದ್ರೂ."

ಮನೆಗೆ ಬಂದು ಕಲ್ಲಮ್ಮನಿಗೆ ಅದನ್ನು ಮೂರು ಸಲ ಹೇಳಿದ. ಅವಳು ಮೂರನೆಯ ಸಲವೂ ಮೊದಲ ಸಲದಂತೆಯೇ, "ಹೌದಾ!" ಎಂದಳು.

ಮಾರ್ಚ್ ಮುಗಿಯುವಷ್ಟರಲ್ಲಿ ಕಾಫಿಯೆಲ್ಲ ಮೂಟೆಯಾಗಿ ಕಣ ಖಾಲಿಯಾಯಿತು. ಏಪ್ರಿಲಿನ ಮೊದಲ ಭಾನುವಾರ ಮಲ್ಲಿಕಾರ್ಜುನರು ಗೊಬ್ಬರದಂಗಡಿಯ ಬದಲು ಎಲ್ಲರನ್ನೂ ತೋಟಕ್ಕೇ ಕರೆದರು. ಗುರುವಯ್ಯ ಹೋಗಿ ನೋಡಿದರೆ ಕಣದ ನಡುವೆ ನೂಲು ಹಿಡಿದು ಅರವತ್ತನಾಲ್ಕು ಮನೆ ಎಳೆದು, ಒಂದು ಬಿಟ್ಟು ಒಂದಕ್ಕೆ ಸುಣ್ಣ ಬಳಿದಿತ್ತು. ಕಾಲಾಳುಗಳಿಗೆ ಡಾಲ್ಡಾ ಡಬ್ಬಗಳು, ಆನೆಗೆ ಒರಳು ಕಲ್ಲಿನಷ್ಟು ದಪ್ಪದ ಮರದ ತುಂಡು, ಕುದುರೆಗೆ ಬೋರಲು ಹಾಕಿದ ಕುಕ್ಕೆಯ ಮೇಲೆ ಹುಲ್ಲಿನ ಕೇಸರ. ರಾಜನಿಗೆ ಗಂಗಾಧರಪ್ಪ ತಮ್ಮ ಅಂಗಡಿಯ ಔಷಧಿ ಡ್ರಮ್ಮನ್ನು ಕೊಟ್ಟಿದ್ದರು.

ಕೂಲಿ ಲೈನಿನ ಮನೆಗಳ ಹೆಂಗಸರು, ಮಕ್ಕಳು, ಮೇಸ್ತ್ರಿ ಕೆಂಪಯ್ಯ ಎಲ್ಲ ಕಣದ ಕಟ್ಟೆಯ ಮೇಲೆ ಬಂದು ಕೂತರು. ಕಲ್ಲಮ್ಮನೂ ಬಂದಿದ್ದಳು. ಗುರುವಯ್ಯನಿಗೆ ಬಿಳಿ, ಮಲ್ಲಿಕಾರ್ಜುನರಿಗೆ ಕಪ್ಪು. ಮೊದಲ ಹತ್ತು ನಡೆ ಎಲ್ಲರೂ ಬೆರಗಿನಿಂದ ನೋಡಿದರು. ಆಮೇಲೆ ಒಬ್ಬೊಬ್ಬರೇ ಕೇಳತೊಡಗಿದರು. ಅದು ಓರೆಯಾಗಿ ಯಾಕೆ ಹೋಗುತ್ತೆ, ಆ ಡಬ್ಬ ಹಿಂದಕ್ಕೆ ಯಾಕೆ ಬರಲ್ಲ. ಹುಚ್ಚಮ್ಮ ಎದ್ದು ಬೋರ್ಡಿನೊಳಗೇ ಬಂದುಬಿಟ್ಟಳು.

"ಅಯ್ಯ, ಅಲ್ಲಿ ಇಟ್ರೆ ಆ ಮರದ ತುಂಡು ನಿಮ್ಮ ಕುಕ್ಕೆ ತಿಂದಾಕಲ್ವಾ?" ಎಂದು ಮಲ್ಲಿಕಾರ್ಜುನರಿಗೆ ಹೇಳಿದಳು.

ಮಲ್ಲಿಕಾರ್ಜುನರು ನೋಡಿದರು. ನಿಜವಾಗಿತ್ತು. ಆದರೆ ಕುಕ್ಕೆಯನ್ನು ಆಗಲೇ ಇಟ್ಟಾಗಿತ್ತು, ಇಟ್ಟ ಕಾಯಿ ಹಿಂದಕ್ಕೆ ತೆಗೆಯುವಂತಿಲ್ಲ.

"ಆಯ್ತು ತಾಯಿ, ಇನ್ನು ಸ್ವಲ್ಪ ಮುಂಚೆ ಹೇಳ್ಬಾರ್ದಿತ್ತಾ" ಎಂದು ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

ಗುರುವಯ್ಯ ಬಗ್ಗಿ, ಮರದ ಆನೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಎತ್ತಿದ. ಭಾರವಿತ್ತು. ನಾಲ್ಕು ಮನೆ ದಾಟಿಸಿ ಕುದುರೆಯಿದ್ದ ಮನೆಯಲ್ಲಿ ಇಳಿಸಿ ಮೈ ನೆಟ್ಟಗೆ ಮಾಡಿದಾಗ ಕಟ್ಟೆಯ ಮೇಲೆ ಕೂತವರೆಲ್ಲ ಕೇಕೆ ಹಾಕಿದರು. ಗೆದ್ದದ್ದು ಅವನೇ. ಎರಡನೆಯ ಆಟದಲ್ಲಿ ಸೋತ. ಮೂರನೆಯದಕ್ಕೆ ಕೆಂಪಯ್ಯ ತಾನೂ ಒಂದು ಕೈ ನೋಡುತ್ತೇನೆಂದು ಪಂಚೆ ಮೇಲೆ ಕಟ್ಟಿಕೊಂಡು ಇಳಿದ. ಗುರುವಯ್ಯ ಜಾಗ ಬಿಟ್ಟುಕೊಟ್ಟು ಕಲ್ಲಮ್ಮನ ಪಕ್ಕ ಹೋಗಿ ಕೂತ. ಅವಳು ಸೆರಗಿನಿಂದ ಅವನ ಅಂಗಿಗೆ ಹತ್ತಿದ್ದ ಸುಣ್ಣ ಒರೆಸುತ್ತ, "ಆ ಡಬ್ಬಗಳು ಮೊದಲನೇ ಸಲ ಎರಡು ಮನೆ ಹೋಗ್ಬಹುದು, ಅಲ್ವಾ?" ಎಂದು ಕೇಳಿದಳು.

"ಹೌದು" ಎಂದ ಗುರುವಯ್ಯ. "ಮೊದಲನೇ ಸಲ ಮಾತ್ರ."